ಮೊಮ್ಮಗುವಿನ ಮೊದಲ ಇಡ್ಲಿ

ತುತ್ತು ಇನ್ನೇನು ಮೊಮ್ಮಗುವಿನ ತುಟಿಗೆ ತಾಗಬೇಕು, ಸೊಸೆ ಸರ್ವಮಂಗಳ ಶಿವನಂಜಮ್ಮನ ಕೈ ಹಿಡಿದುಬಿಟ್ಟಳು.

"ತಾಳಿ ಅತ್ತೆಮ್ಮ, ಇಡ್ಲಿ ಏನೋ ಸುಟ್ಟ ವಾಸ್ನೆ ಬತ್ತೈತೆ."

"ನಿನ್ ಮೂಗೇ ಸುಟ್ಟೈತೆ, ಕೈ ಬುಡೇ. ಶಿವನಿಗೆ ಎಡೆ ಇಟ್ಟಿದ್ದು ಕಣೇ ಇದು!"

ಮಗುವಿಗೆ ಮೊದಲ ತುತ್ತು ಉಣಿಸುವುದು ಆ ಮನೆಯಲ್ಲಿ ಅಜ್ಜಿಯ ಹಕ್ಕು. ಬಟ್ಟೆಗಾದರೆ ಅಂಟುತ್ತದೆಂದು ಶಿವನಂಜಮ್ಮ ತುರುವೇಕೆರೆ ಸಂತೆಯಿಂದ ಹೊಸ ಪ್ಲಾಸ್ಟಿಕ್ ಹಾಳೆ ತಂದು ಇಡ್ಲಿ ತಟ್ಟೆಗೆ ಹಾಸಿ ಬೇಯಿಸಿದ್ದಳು. ಇಡ್ಲಿಗಳು ಬೆಳದಿಂಗಳನ್ನೇ ಬಿಡಿಸಿಟ್ಟಂತೆ ಎದ್ದುಬಂದಿದ್ದವು. ಒಳಮನೆ ತುಂಬಿದ ಹಬೆಯಲ್ಲಿ ದೇವರ ದೀಪ ಎಲ್ಲೋ ದೂರದ ಆಕಾಶದಲ್ಲಿ ಉರಿದಂತಿತ್ತು.

ಸೊಸೆ ಆ ಹಾಳೆಯನ್ನು ಎತ್ತಿ ದೀಪದ ಬೆಳಕಿಗೆ ಹಿಡಿದಳು. ಕಾದ ಪಾತ್ರೆಗೆ ತಾಗಿದ ಅಂಚು, ಹುಳು ತಿಂದ ಎಲೆಯಂತೆ, ಕರಗಿ ಹೋಗಿತ್ತು. ಕರಗಿದ್ದೆಲ್ಲ ಎಲ್ಲಿ ಸೇರಿತೋ ಎಂದುಕೊಳ್ಳುತ್ತಿದ್ದಂತೆ ಶಿವನಂಜಮ್ಮನ ಕಣ್ಣು ತಾನಾಗಿ ಕೈಯಲ್ಲಿದ್ದ ತುತ್ತಿಗೆ ಇಳಿಯಿತು. ಮಗು ಬಾಯಿ ತೆರೆದುಕೊಂಡೇ ಕಾಯುತ್ತಿತ್ತು.

ಅವಳು ತುತ್ತನ್ನು ಕೆಳಗಿಟ್ಟು, ಬೆರಳು ಬೆರಳನ್ನೂ ಸೆರಗಿಗೆ ಒರೆಸಿಕೊಂಡಳು.

"ಮಂಗಳಾ, ಕಾಯಿಹಾಲಲ್ಲಿ ಒಂದಿಷ್ಟು ಅನ್ನ ಬೇಯ್ಸವ್ವ," ಎಂದಳು. "ಮೊದಲ್ನೇ ತುತ್ತು ನೀನೇ ಇಡು."