ಒಂದೇ ಒಂದು ತೋಳ

ಮಾಳಿಂಗರಾಯ ಇವತ್ತೂ ಬಂದಿದ್ದ.

ನರೇಗಲ್ಲಿನ ಶಾಲೆಯೊಂದರ ಸಭಾಂಗಣ. ಮಕ್ಕಳೆಲ್ಲ ನೆಲದ ಮೇಲೆ ಕೂತಿದ್ದರು. ಅವರ ನಡುವೆ, ಮೊದಲ ಸಾಲಿನಲ್ಲೇ, ಹೆಗಲಿಗೆ ಕಂಬಳಿ ಹಾಕಿಕೊಂಡ ಅರವತ್ತರ ಕುರಿಗಾಹಿ. ಲ್ಯಾಪ್‌ಟಾಪಿಗೆ ವೈರು ಸಿಕ್ಕಿಸುತ್ತಿದ್ದ ದುರ್ಗೇಶನ ಕೈ ಅರೆಗಳಿಗೆ ನಿಂತಿತು. ರೋಣ, ಗಜೇಂದ್ರಗಡ, ಪುರ್ತಗೇರಿ, ಎಲ್ಲಿ ಚಿತ್ರ ತೋರಿಸಿದರೂ ಈ ಮನುಷ್ಯ ಹಾಜರು.

ದುರ್ಗೇಶ ಗಜೇಂದ್ರಗಡದಲ್ಲಿ ಫೋಟೋ ಸ್ಟುಡಿಯೋ ಇಟ್ಟವನು. ಮದುವೆಗಳಲ್ಲಿ ಹೊಟ್ಟೆಪಾಡು, ಉಳಿದ ದಿನ ಗುಡ್ಡ. ನಾಲ್ಕು ವರ್ಷದ ಹಿಂದೆ, ಮಂಜು ಕವಿದ ಒಂದು ಬೆಳಿಗ್ಗೆ, ಬಂಡೆಯೊಂದರ ಮೇಲೆ ಅವನಿಗೆ ತೋಳ ಸಿಕ್ಕಿತ್ತು. ಓಡಲಿಲ್ಲ. ಬೆದರಲಿಲ್ಲ. ನೆಟ್ಟಗೆ ಅವನನ್ನೇ ನೋಡುತ್ತ ನಿಂತಿತ್ತು. ಕೊರಳ ಸುತ್ತ ಕೂದಲು ಸವೆದ ಒಂದು ಗೆರೆ.

"ಇದು ಉರುಲಿನ ಗಾಯ," ಎಂದು ಪ್ರತಿ ಸಭೆಯಲ್ಲೂ ಆ ಗೆರೆಯ ಮೇಲೆ ಬೆರಳಿಟ್ಟು ಹೇಳುತ್ತಿದ್ದ. "ಮನುಷ್ಯಾ ಹಾಕಿದ ಉರುಲು. ಇಷ್ಟಾದ್ರೂ ಇದರ ಕಣ್ಣಾಗ ನಮ್ಮ ಮ್ಯಾಲೆ ಸಿಟ್ಟ ಐತೇನು, ನೋಡ್ರಿ." ಅಷ್ಟು ಹೊತ್ತಿಗೆ ಸಭೆಯಲ್ಲಿ ಯಾರಾದರೂ ಮೂಗು ಒರೆಸಿಕೊಳ್ಳುತ್ತಿದ್ದರು.

ಆ ಒಂದು ಚಿತ್ರ ಮಾಡಿದ ಕೆಲಸ ಸಣ್ಣದಲ್ಲ. ಅದು ಪೋಸ್ಟರಾಗಿ ಬಸ್ ನಿಲ್ದಾಣದ ಗೋಡೆ ಏರಿತು. ಊರೂರಿನ ಮಕ್ಕಳು ಅರಣ್ಯ ಇಲಾಖೆಯ ಸಾಹೇಬರಿಗೆ ಕಾಗದ ಬರೆದರು. ಸುತ್ತಲಿನ ಗುಡ್ಡಗಳನ್ನೆಲ್ಲ ಒಡೆಯಲು ಬಂದಿದ್ದ ಕಲ್ಲುಗಣಿಗಳಿಗೆ ತಡೆ ಬಿತ್ತು. ಆದರೆ ತೋಳ ಮಾತ್ರ ಮತ್ತೆ ಕಾಣಲೇ ಇಲ್ಲ. ದುರ್ಗೇಶ ಗಿಡಗಂಟಿಗಳಲ್ಲಿ ಕಟ್ಟಿಟ್ಟ ಕ್ಯಾಮೆರಾಗಳಲ್ಲಿ ಸಿಕ್ಕಿದ್ದು ಮೊಲ, ಮುಂಗುಸಿ, ದಾರಿ ತಪ್ಪಿದ ಯಾರದೋ ಆಡು. ಧಾರವಾಡದ ತಜ್ಞರೊಬ್ಬರು ಮೊದಲೇ ತಕರಾರು ತೆಗೆದಿದ್ದರು: "ಮಂಜು ಭಾಳ ಐತಿ. ಇನ್ನೊಂದು ಚಿತ್ರ ಬೇಕು." ಈಗ ಪರಿಶೀಲನೆಗೆ ಬರುವ ತಂಡವೂ ಅದನ್ನೇ ಕೇಳಿತ್ತು. ಸೋಮವಾರದೊಳಗೆ ಇನ್ನೊಂದು ಸಾಕ್ಷಿ. ಇಲ್ಲದಿದ್ದರೆ ತಡೆ ತೆರವು.

ಪರದೆಯ ಮೇಲೆ ತೋಳ ಬಂತು. ಮಾಳಿಂಗರಾಯ ಎದ್ದು, ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನಿಂತ.

"ಇನ್ನೊಮ್ಮಿ ತೋರಸ್ರಿ ಸರ."

ತೋರಿಸಿದ.

"ಎಲ್ಲಿ ತಗದ್ರಿ ಇದನ್ನ?"

"ನರಗುಂದದ ಗುಡ್ಡದಾಗ, ಕಾಕಾ." ಎಂದಿನ ಸುಳ್ಳು. ಕುರಿ ಕಾಯುವವನಿಗೆ ತೋಳದ ನೆಲೆ ಹೇಳುವ ಹುಚ್ಚ ಯಾರು? ಮರಿಗಳಿದ್ದ ಗವಿಗೆ ಮುಳ್ಳುಕಂಟಿ ತುಂಬಿ ಬೆಂಕಿ ಇಟ್ಟ ಕಥೆಗಳನ್ನು ದುರ್ಗೇಶ ಕೇಳಿ ಬೆಳೆದವನು.

"ಅಲ್ಲೆ ಎರಡು ವರ್ಷ ತಿರಗೀನ್ರಿ," ಮಾಳಿಂಗರಾಯ ಮೆಲ್ಲಗೆ ಅಂದ. "ಅಲ್ಲಿಲ್ಲ ಅದು."

ದುರ್ಗೇಶ ಥಟ್ಟನೆ ಪರದೆಯ ಚಿತ್ರ ಬದಲಿಸಿದ.

ಮರುದಿನ ಬೆಳಕು ಹರಿಯುತ್ತಲೇ ತೋಳ ಕಂಡಿದ್ದ ಗುಡ್ಡ ಹತ್ತಿದ. ತಡವಾಗಿತ್ತು. ಅದೇ ಬಂಡೆಯ ಬಳಿ ಮಾಳಿಂಗರಾಯ ಕೂತಿದ್ದ. ಗಂಟು ಬಿಚ್ಚಿ, ಏನನ್ನೋ ಮುರಿದು ಮುರಿದು ಕಲ್ಲಿನ ಮೇಲೆ ಇಡುತ್ತಿದ್ದ. ನಡುನಡುವೆ ಬಾಯಿಗೆ ಎರಡು ಬೆರಳಿಟ್ಟು ಸಿಳ್ಳೆ ಹೊಡೆದು, ಕಿವಿಗೊಟ್ಟು ಕಾಯುತ್ತಿದ್ದ.

ದುರ್ಗೇಶ ಓಡಿಹೋಗಿ ಅಷ್ಟನ್ನೂ ಬಾಚಿ ಕೆಳಗೆ ಎಸೆದ. ಕೈಗೆ ಮೆತ್ತಿದ್ದು ಹಾಲಿನಲ್ಲಿ ನೆನೆದ ಜೋಳದ ರೊಟ್ಟಿ.

"ಏನ್ ಕಲಸೀ ಇದರಾಗ? ವಿಷಾನ? ಖರೇ ಹೇಳು!"

ಮಾಳಿಂಗರಾಯ ಮಣ್ಣಿಗೆ ಬಿದ್ದಿದ್ದ ಒಂದು ತುಂಡು ಹೆಕ್ಕಿ, ಊದಿ, ಬಾಯಿಗೆ ಹಾಕಿಕೊಂಡ. ಅಗಿದ. ನುಂಗಿದ.

ದುರ್ಗೇಶನ ಸಿಟ್ಟು ಜರ್ರನೆ ಇಳಿಯಿತು. ತಲೆ ತಗ್ಗಿಸಿ ಅಲ್ಲೇ ಕುಸಿದು ಕೂತ.

"ಈ ಜಾಗಾ ಹ್ಯಾಂಗ ಗೊತ್ತಾತ್ರಿ, ಕಾಕಾ?"

"ನಿನ್ನಿ ಪರದೆ ದೊಡ್ಡದಿತ್ರಿ. ಮಂಜಿನ ಹಿಂದ ಕರೆಂಟ್ ಮಾಡೂ ಗಾಳಿ ಪಂಖಾದ ಕಂಬ ಕಾಣಿಸ್ತು. ಆ ಕಂಬ, ಈ ಕಲ್ಲು. ಗುರ್ತ ಸಿಕ್ತು." ಅವನು ಸುತ್ತಲಿನ ಬೋಳು ಇಳಿಜಾರನ್ನು ನೋಡಿದ. "ಆದ್ರ ನಾಕ ವರ್ಷ ಆತಲ್ರಿ. ಎಲ್ಲಿರತೈತಿ ಇನ್ನ. ಒಂದ ಹೆಜ್ಜಿ ಸೈತ ಇಲ್ಲ."

"ಕುರಿ ಕಾಯಾವ್ರು ನೀವು. ತೋಳಕ್ಕ ಯಾಕ ರೊಟ್ಟಿ ತಂದ್ರಿ?"

"ತೋಳ ಎಲ್ಲದಾವ್ರಿ?" ಮಾಳಿಂಗರಾಯ ಅವನನ್ನು ಕನಿಕರದಿಂದ ನೋಡಿದ. "ಈ ಗುಡ್ಡದಾಗ ತೋಳ ನಮ್ಮಪ್ಪನ ಕಾಲಕ್ಕ ಮುಗದ್ವು."

ಕೆಳಗೆ, ಗಣಿಗೆಂದು ಕಡಿದಿದ್ದ ಹಾದಿಯಲ್ಲಿ, ಲಾರಿಯೊಂದು ಏರಲು ಏದುಸಿರು ಬಿಡುತ್ತಿತ್ತು. ಸೋಮವಾರದ ತನಕ ಕಾಯುವ ವ್ಯವಧಾನವೂ ಗಣಿಯವರಿಗಿರಲಿಲ್ಲ. ದುರ್ಗೇಶನಿಗೆ ಮುಂದಿನ ಮಾತು ಕೇಳಬಾರದು ಅನಿಸಿತು. ಕೇಳಿದ.

"ಮತ್ತ ಇಷ್ಟು ವರ್ಷ ಯಾಕ ಸುಮ್ಮನಿದ್ರಿ?"

"ಹೇಳಿದ್ರ ನೀವು ಆ ಫೋಟೋ ತೋರಸೂದ ಬಿಡ್ತಿದ್ರಿ, ಸರ. ನಮ್ಮ ನಾಯಿದು ಅದೊಂದ ಫೋಟೋ ಇರೂದು."