ತೂಬಿನ ಬಾಯಿ

ಪಂಚಾಯ್ತಿ ಅಧಿಕಾರಿ ಶಿವಕಿರಣ್ ಕೆರೆ ಏರಿಯ ಮೇಲೆ ನಿಂತು, ಬಡಾವಣೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದಿದ್ದ. "ಒಂದ್ನಿಮಿಷ ಇರಿ ಸಾರ್" ಎಂದರು ಸದಸ್ಯೆ ಲಿಂಗಮ್ಮ. ಕೆಂಗೇರಿಯಾಚೆಯ ಹೊಸ ಬಡಾವಣೆಯ ಎಂಜಿನಿಯರ್ ಆಗಷ್ಟೇ ಬಾಟಲಿಯೊಂದನ್ನು ಬಿಸಿಲಿಗೆ ಹಿಡಿದು, "ನೋಡಿ ಸಾರ್, ಕೊಳಚೆ ನೀರನ್ನ ಶುದ್ಧ ಮಾಡಿ ದಿನಾ ಹೀಗೇ ಕೆರೆಗೆ ಬಿಡ್ತಾ ಇದೀವಿ" ಎಂದಿದ್ದ. ನೀರು ಫಳಫಳ ಹೊಳೆಯುತ್ತಿತ್ತು. ಶಿವಕಿರಣ್‌ಗೆ ಅನುಮಾನವೇ ಬಂದಿರಲಿಲ್ಲ.

ಲಿಂಗಮ್ಮ ಬಾಟಲಿಯತ್ತ ತಿರುಗಿಯೂ ನೋಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಏರಿಯಿಂದ ಕೆಳಗಿಳಿದು, ಕೆರೆಗೆ ನೀರು ಬಿಡುವ ಪೈಪಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಗದ್ದೆಗೆ ನೀರು ಕಟ್ಟಿ ಬದುಕಿದ ಹೆಂಗಸು. ಯಾರು ಏನೇ ಹೇಳಲಿ, ತೂಬಿನ ಬಾಯಿ ನೋಡದೆ ನಂಬುವವರಲ್ಲ. ಹಿಂದೆಯೇ ಬಂದು ಬಗ್ಗಿದ ಶಿವಕಿರಣ್‌ಗೆ ಪೈಪಿನ ಬಾಯಿ ತುಂಬ ಜೇಡರಬಲೆ ಕಂಡಿತು. ನಡುವೆ ದಪ್ಪ ಜೇಡವೊಂದು ನೆಮ್ಮದಿಯಾಗಿ ಕೂತಿತ್ತು.

"ಅರವತ್ತು ಮನೇಲಿ ಜನ ಇದಾರೆ. ಅವರ ಬಚ್ಚಲ ನೀರೆಲ್ಲ ಎಲ್ಲಿಗೆ ಹೋಗ್ತಿದೆಯಪ್ಪಾ?" ಲಿಂಗಮ್ಮ ದನಿ ಏರಿಸಲಿಲ್ಲ.

ಎಂಜಿನಿಯರ್ ಬಲೆ ತೆಗೆಯಲು ಕಡ್ಡಿಯೊಂದನ್ನು ಎತ್ತಿಕೊಂಡ. ಶಿವಕಿರಣ್ ಪೆನ್ನಿಗೆ ಮುಚ್ಚಳ ಹಾಕಿ, ಇನ್ನೇನು ಗದರಬೇಕು, ಅಷ್ಟರಲ್ಲಿ ಲಿಂಗಮ್ಮ ಪೈಪಿಗೆ ಅಂಗೈ ಅಡ್ಡ ಹಿಡಿದಿದ್ದರು.

"ಮುಟ್ಟಬೇಡಿ. ನೀವು ಶುದ್ಧ ಮಾಡಿದ ನೀರೇ ಬಂದು ಇದನ್ನ ಕಿತ್ಕೊಂಡು ಹೋಗ್ಲಿ. ಆವತ್ತು ಸಾರ್ ಸಹಿ ಹಾಕ್ತಾರೆ."