ನಕ್ಷೆಯಲ್ಲಿಲ್ಲದ ಕೋಣೆ

"ನಕ್ಷೇಲಿ ಈ ಕೋಣೆನೇ ಇಲ್ವಲ್ಲ ಯಜಮಾನ್ರೇ," ಎಂದರು, ಮನೆ ಕೊಳ್ಳಲು ಬಂದಾಕೆಯ ಜೊತೆಗಿದ್ದ ಎಂಜಿನಿಯರ್. "ಪರವಾನಗಿ ಇಲ್ದೆ ಕಟ್ಟಿದೀರಿ. ಇದನ್ನ ಒಡೆಸದೆ ಇವರು ಮನೆ ಕೊಳ್ಳೋಕಾಗಲ್ಲ."

"ನಮ್ಮನೆಯವಳು ಹಾಸಿಗೆ ಹಿಡಿದಿದ್ಲು. ಮಹಡಿ ಹತ್ತೋಕಾಗ್ತಿರಲಿಲ್ಲ. ಕೊನೇ ಉಸಿರಿನವರೆಗೂ ಇಲ್ಲೇ ಇದ್ಲು. ಪರವಾನಗಿ ಬರೋವರೆಗೂ ಕಾಯಿಲೆ ಕಾಯುತ್ತೇನ್ರೀ?" ಮನೆ ಮಾರಲು ಹೊರಟಿದ್ದ ಯಜಮಾನರು ಸಿಡುಕಿದರು. "ಒಂದು ಇಟ್ಟಿಗೆ ಮುಟ್ಟೋಕೂ ಬಿಡಲ್ಲ. ಬೇಕಾದ್ರೆ ತಗೊಳ್ಳಿ, ಇಲ್ಲಾಂದ್ರೆ ಬಿಡಿ." ಹಾಗೆಂದವರೇ ಚಹಾ ಮಾಡಲು ಅಡುಗೆಮನೆಗೆ ಹೋದರು.

ಕೊಳ್ಳಲು ಬಂದಾಕೆ ಖಾಲಿ ಕೋಣೆಯನ್ನು ಸುತ್ತಿ ನೋಡಿದಳು. ಮಂಚ ಉಜ್ಜಿದ ಗುರುತಿದ್ದ ಗೋಡೆಯಲ್ಲಿ, ಮಲಗಿದವರ ಕೈಗೆಟುಕುವಷ್ಟು ಕೆಳಗೆ, ಒಂದು ಸ್ವಿಚ್ಚಿತ್ತು. ದೀಪದ್ದಿರಬೇಕೆಂದು ಒತ್ತಿದಳು. ಅಡುಗೆಮನೆಯಲ್ಲಿ ಬೆಲ್ಲು ಕಿರ್ರೆಂದಿತು.

"ಬಂದೆ ಕಣೇ, ಬಂದೆ!"

ಚಹಾ ಸೋಸುವ ಜರಡಿ ಹಿಡಿದೇ ಓಡಿಬಂದ ಯಜಮಾನರು ಬಾಗಿಲಲ್ಲಿ ನಿಂತುಬಿಟ್ಟರು. ಇಬ್ಬರ ಮುಖ ನೋಡಿದರು. ಆಮೇಲೆ ಆ ಗೋಡೆ ನೋಡಿದರು.

"ಒಡೆಸಿಬಿಡಿ," ಎಂದರು.